ದೊಡ್ಡತಾಯಮ್ಮನ ಅರ್ಧ ಕೂಲಿ

ಹೊಸಕೊಪ್ಪಲು, ತೊಣ್ಣೂರು ಪಕ್ಕ
2–7–1996

ಅಕ್ಕನಿಗೆ,

ಮೊದಲ ಸಾಲಿನಲ್ಲಿ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಅಪ್ಪ ಚೆನ್ನಾಗಿದ್ದಾನೆ, ಎಮ್ಮೆ ಚೆನ್ನಾಗಿದೆ, ನಾಲೆಗೆ ನೀರು ಬಂದಿದೆ. ನಾನು ಚೆನ್ನಾಗಿಲ್ಲ. ಅನ್ನ ಸೇರುತ್ತಿಲ್ಲ.

ಮೊನ್ನೆ ಗದ್ದೆಯ ಯಜಮಾನರೆಲ್ಲ ಹಾಲಿನ ಡೈರಿ ಮುಂದೆ ಸೇರಿ ಮಾತಾಡಿಕೊಂಡರು. ಸೋಮಯ್ಯನೋರ ಗದ್ದೆಯೇ ದೊಡ್ಡದಾದ್ದರಿಂದ ಅವರ ಮಾತೇ ಮಾತು. ಈ ಸಲದ ನಾಟಿಗೆ ವಯಸ್ಸಾದವರು ಬಂದರೆ ಅರ್ಧ ಕೂಲಿ ಅಂತೆ. ನಾಟಿಗೆ ನಿಲ್ಲುವ ನಮ್ಮ ಸಾಲಿನಲ್ಲಿ ವಯಸ್ಸಾದವಳು ಎಂದರೆ ದೊಡ್ಡತಾಯಮ್ಮ ಒಬ್ಬಳೇ. ನಿನಗೂ ನನಗೂ ಪೈರು ಹಿಡಿಯುವುದನ್ನು ಕಲಿಸಿದವಳು. ಈಗ ಅವಳ ಮಂಡಿ ಬಗ್ಗುವುದಿಲ್ಲ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ.

ನಾವು ನಾಟಿಯ ಹೆಂಗಸರು ಸೇರಿದಾಗ ರಂಜಿತ ಎದ್ದು ನಿಂತು, "ಆಯಮ್ಮಂಗೆ ಅರ್ಧ ಅಂದ್ರೆ ನಾವು ಯಾರೂ ಗದ್ದೆಗೆ ಇಳಿಯಾಕಿಲ್ಲ" ಎಂದುಬಿಟ್ಟಳು. ಒಬ್ಬೊಬ್ಬರೇ ಹೌದು ಎಂದರು. ನಾನೂ ಎಂದೆ. ಆದರೆ ನಿನ್ನ ಹತ್ತಿರ ಮುಚ್ಚಿಡುವುದೇಕೆ, ನನಗೆ ದೊಡ್ಡತಾಯಮ್ಮನನ್ನು ಕಂಡರೆ ಆಗುವುದಿಲ್ಲ. ಇಸ್ಕೂಲು ಬಿಟ್ಟಾಗಿನಿಂದ ನನ್ನನ್ನು "ಅರೆಬೆಂದ ಮುದ್ದೆ" ಎಂದೇ ಕರೆಯುತ್ತಾಳೆ. ಅವಳ ಕೂಲಿಗಾಗಿ ನನ್ನ ಕೂಲಿ ಯಾಕೆ ಬಿಡಬೇಕು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.

ಒಟ್ಲು ಪಾತಿಯಲ್ಲಿ ಬಿತ್ತಿದ ಪೈರು ಹಸಿರಾಗಿ ಎದ್ದಿದೆ. ಪೈರು ಬಲಿತು ಗೆಣ್ಣು ಬಿಟ್ಟರೆ ನಾಟಿ ಮಾಡಿ ಪ್ರಯೋಜನವಿಲ್ಲ. ಅದು ಬಲಿಯುವುದರೊಳಗೆ ಸೋಮಯ್ಯನೋರು ಒಪ್ಪಬೇಕು, ಇಲ್ಲವೇ ಬೇರೆ ಊರಿನ ಹೆಂಗಸರನ್ನು ತರಿಸಬೇಕು. ತರಿಸಿದರೆ ನಾವು ಸೋತೆವು. ನಾಲೆ ಏರಿಯ ಮೇಲೆ ಟ್ರಾಕ್ಟರಿನ ಸದ್ದು ಕೇಳಿದರೆ ಸಾಕು, ಎದ್ದು ಹೋಗಿ ನೋಡುತ್ತೇನೆ.

ಗೌರಿ ಹಬ್ಬಕ್ಕೆ ಈ ಸಲವಾದರೂ ಬರುತ್ತೀಯಾ?

ನಿನ್ನ ತಂಗಿ
ಪುಷ್ಪ

*

ದೇವಲಾಪುರ
11–7–1996

ಪುಷ್ಪಾ,

ನಿನ್ನ ಕಾಗದವನ್ನು ನಿಮ್ಮ ಭಾವನೇ ಓದಿ ಹೇಳಿದರು. ನಡುವೆ ನಿಲ್ಲಿಸಿ, "ನಿನ್ ತಂಗಿ ಮದ್ವೆ ಆಯ್ತಾಳಾ, ಇಲ್ಲಾ ಊರಿನ ಮುದುಕೀರ್ಗೆಲ್ಲ ಲಾಯರಾಯ್ತಾಳಾ?" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬಳೇ ಕೂತು ಇನ್ನೊಂದು ಸಲ ಓದಿದೆ. ನಿಧಾನವಾಗಿ ಓದಿದರೆ ನನಗೂ ಓದಲು ಬರುತ್ತದೆ.

ನಿನಗೆ ಒಂದು ಮಾತು ಹೇಳುತ್ತೇನೆ, ಬೈಯುತ್ತೇನೆ ಎಂದುಕೊಳ್ಳಬೇಡ. ಬಾಯಿ ಬಿಗಿ ಹಿಡಿದುಕೋ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಚೀಟಿ ಯಾರದು ಎಂದು ಕೇಳಿದಾಗ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಎದ್ದು ನಿಂತು ನಿನ್ನ ಹೆಸರೂ ಹೇಳಿದೆ, ಪಕ್ಕದವಳ ಹೆಸರೂ ಹೇಳಿದೆ. ಇಬ್ಬರೂ ಮನೆಗೆ ಬಂದಿರಿ. ನಿಜ ಹೇಳಿದೆ, ಸರಿ. ಆದರೆ ಆ ಹುಡುಗಿಯ ತಾಯಿ ಇವತ್ತಿಗೂ ಅಪ್ಪನ ಜೊತೆ ಮಾತಾಡುವುದಿಲ್ಲ.

ಇಲ್ಲಿ ಮೋಡ ಬರುತ್ತದೆ, ಹೋಗುತ್ತದೆ. ರಾಗಿ ಬಿತ್ತಲು ನೆಲ ಉತ್ತು ಕಾಯುತ್ತಿದ್ದೇವೆ. ಬಿತ್ತುವವರೆಗೆ ಹೆಂಗಸರಿಗೆ ಕೆಲಸವಿಲ್ಲ. ನಮ್ಮ ಹುಡುಗ ಚಿನ್ನುವಿನ ಕಿವಿ ಮತ್ತೆ ಸೋರುತ್ತಿದೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಮೊದಲು ತುಂಟತನ ಎಂದುಕೊಂಡಿದ್ದೆ. ಈಗ ಭಯವಾಗುತ್ತಿದೆ.

ದೇವರಾಜು ಅಂತ ಒಬ್ಬ ಮೇಸ್ತ್ರಿ ಬಂದಿದ್ದ. ನಾಲೆ ಸೀಮೆಗೆ ನಾಟಿಗೆ ಹೆಂಗಸರು ಬೇಕು, ಟ್ರಾಕ್ಟರಿನಲ್ಲಿ ಕರೆದುಕೊಂಡು ಹೋಗಿ ತಂದುಬಿಡುತ್ತೇನೆ ಎಂದ. ಮುಂಗಡ ಕೊಟ್ಟ. ನಾನೂ ಹೆಸರು ಕೊಟ್ಟೆ. ಮುಂಗಡದಲ್ಲಿ ಚಿನ್ನುವನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಬಂದೆ. ಔಷಧಿ ಕೊಟ್ಟು, ಇನ್ನೊಂದು ಸಲ ಬರಲೇಬೇಕು ಎಂದಿದ್ದಾರೆ.

ಯಾವ ಊರು ಎಂದು ದೇವರಾಜು ಹೇಳಲಿಲ್ಲ. ನಾವೂ ಕೇಳಲಿಲ್ಲ. ಗದ್ದೆ ಎಲ್ಲಿದ್ದರೂ ಕೆಸರು ಒಂದೇ ಅಲ್ಲವೇ.

ಹಬ್ಬದ ಮಾತು ಆಮೇಲೆ.

ಮುತ್ತಮ್ಮ

*

ಹೊಸಕೊಪ್ಪಲು
19–7–1996

ಅಕ್ಕ,

ನೀನು ಬಾಯಿ ಬಿಗಿ ಹಿಡಿದುಕೋ ಎಂದು ಬರೆದ ಕಾಗದ ಮಂಗಳವಾರ ಕೈಗೆ ಬಂತು. ನನ್ನ ಬಾಯಿ ಸೋಮವಾರವೇ ಹರಿದಿತ್ತು.

ಅರಳಿಕಟ್ಟೆಯ ಹತ್ತಿರ ಮಾತುಕತೆಗೆ ಸೇರಿದ್ದೆವು. ಸೋಮಯ್ಯನೋರು ಕೂಗಾಡುವ ಮನುಷ್ಯರಲ್ಲ. ಬೇಸಿಗೆಯಲ್ಲಿ ಅವರ ಬಾವಿಯ ನೀರು ಕುಡಿದೇ ನಾವು ಬದುಕಿದ್ದು, ಅದನ್ನು ಮರೆತಿಲ್ಲ. ಎಲ್ಲರ ಮಾತೂ ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ತಿರುಗಿದರು.

"ಪುಷ್ಪಾ, ನೀನು ಸುಳ್ಳು ಏಳಾಕಿಲ್ಲ ಅಂತ ಊರೇ ಏಳ್ತದೆ. ನೀನೇ ಏಳವ್ವ. ದೊಡ್ಡತಾಯಮ್ಮ ನಿನ್ ಸಮಕ್ಕೆ ನಾಟಿ ಆಕ್ತಾಳಾ?"

"ಇಲ್ಲ" ಎಂದೆ.

"ಅರ್ಧ?"

"ಅರ್ಧ ಆಕ್ತಾಳೆ."

"ಕೇಳುದ್ರಲ್ಲ. ನಾನ್ ಏಳಿದ್ದೂ ಅದ್ನೇ" ಎಂದು ಟವೆಲು ಕೊಡವಿ ಎದ್ದು ಹೊರಟೇಬಿಟ್ಟರು.

ರಂಜಿತ ಎಲ್ಲರೆದುರಿಗೇ, "ನಿನ್ ಬಾಯ್ಗೆ ಒಟ್ಲು ಕೆಸರ್ ತುಂಬ! ಯಾರ್ ಕೇಳುದ್ರು ನಿನ್ ಸತ್ಯವ?" ಎಂದು ಕೂಗಿದಳು. "ಅವ್ರೇ ಕೇಳುದ್ರಲ್ಲ" ಎಂದೆ. ದೊಡ್ಡತಾಯಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು, ನನ್ನ ಮುಂದೆಯೇ ಹಾದು ಹೋದಳು. ಯಾವಾಗಲೂ ಬೈಯುವವಳು ಅವತ್ತು ಬೈಯಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಈಗ ಇಬ್ಬರು, ಅರ್ಧ ಕೂಲಿ ಅವಳಿಗೆ ತಾನೇ, ನಮಗೇನು, ಇಳಿದುಬಿಡೋಣ ಎನ್ನುತ್ತಿದ್ದಾರೆ. ನಾನು ಒಂದೇ ಮಾತಿನಲ್ಲಿ ಎಲ್ಲವನ್ನೂ ಮುರಿದೆ. ಆದರೆ ಅಕ್ಕ, ನಾನು ಏನು ಹೇಳಬೇಕಿತ್ತು? ಹಾಕುತ್ತಾಳೆ ಎನ್ನಬೇಕಿತ್ತೇ? ಅವಳು ಹಾಕುವುದಿಲ್ಲ, ಊರಿಗೆಲ್ಲ ಗೊತ್ತು. ಸುಳ್ಳು ಹೇಳಿದರೆ ಮಾತ್ರ ನಿಲ್ಲುವ ಒಗ್ಗಟ್ಟು ಎಷ್ಟು ದಿನ ನಿಲ್ಲುತ್ತದೆ?

ಇನ್ನೊಂದು ವಿಷಯ. ಸೋಮಯ್ಯನೋರು ನಿಮ್ಮ ನಾಗಮಂಗಲದ ಕಡೆಯಿಂದ ಹೆಂಗಸರನ್ನು ತರಿಸುತ್ತಾರೆ ಎಂಬ ಸುದ್ದಿ ಹುಟ್ಟಿದೆ. ನಿಮ್ಮ ದೇವರಾಜು ಹೇಳುವ ಊರು ಯಾವುದು? ಕೇಳಿ ಬರಿ. ಕೂಡಲೇ ಬರಿ.

ಪುಷ್ಪ

*

(ಕಾರ್ಡು)

ದೇವಲಾಪುರ
25–7–1996

ಪುಷ್ಪಾ,

ಚಿನ್ನುವಿನ ಕಿವಿಯ ಸೋರುವಿಕೆ ಸ್ವಲ್ಪ ಕಡಿಮೆಯಾಗಿದೆ. ಬಲಗಡೆಯದು ಕೇಳಿಸುತ್ತದೆ, ಎಡಗಡೆಯದು ಗೊತ್ತಾಗುತ್ತಿಲ್ಲ. ನಿನ್ನೆ ನಾಲ್ಕು ಹನಿ ಬಿತ್ತು. ನಿಮ್ಮ ಭಾವನಿಗೆ ಸೊಂಟ ಹಿಡಿದಿತ್ತು, ಈಗ ಪರವಾಗಿಲ್ಲ. ಅಪ್ಪನಿಗೆ ಕೆಮ್ಮು ಬಂದರೆ ಕಷಾಯ ಮಾಡಿಕೊಡು. ಎಮ್ಮೆ ಗಬ್ಬವೇ? ಕಾರ್ಡಿನಲ್ಲಿ ಜಾಗ ಇಲ್ಲ.

ಮುತ್ತಮ್ಮ

*

ಹೊಸಕೊಪ್ಪಲು
30–7–1996

ಅಕ್ಕ,

ಕಾರ್ಡು ಬಂತು. ನಾನು ಒಂದೇ ಪ್ರಶ್ನೆ ಕೇಳಿದ್ದೆ. ನೀನು ಎಮ್ಮೆಯ ವಿಷಯ ಕೇಳಿದ್ದೀಯಾ. ಎಮ್ಮೆ ಗಬ್ಬ. ನನಗೆ ಉತ್ತರ ಸಿಕ್ಕಿತು.

ನೀನು ಬರುವ ಮೊದಲು ಇಲ್ಲಿ ನಡೆದದ್ದು ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಜಗಳವಾದ ಮೇಲೆ ನಾನು ದೊಡ್ಡತಾಯಮ್ಮನ ಮನೆಗೆ ಹೋದೆ. ಜಗುಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ತಪ್ಪಾಯ್ತು ಅನ್ನಾಕ್ ಬಂದಿದ್ದೀಯಾ?"

"ಇಲ್ಲ. ಇದ್ದದ್ದು ಏಳ್ದೆ."

"ಅಂಗಾದ್ರೆ ಕೂತ್ಕೊ. ಈ ಮೊರ ಇಡ್ಕೊ."

ಮೊರ ಹಿಡಿದುಕೊಂಡು ಕೂತೆ. ಇಬ್ಬರೂ ಒಂದು ಮೊರ ಹಸನು ಮಾಡಿದೆವು. ಆಮೇಲೆ ಕೇಳಿದಳು: "ಇಸ್ಕೂಲ್ ಬುಟ್ಟು ಬಂದ್ ವರ್ಸ, ಮೊದಲ್ನೇ ಸಲ ಸಾಲಿಗ್ ನಿಂತ್ಯಲ್ಲ, ನಿನ್ ಪಾಲಿನ ಗದ್ದೆಗೆ ಪೈರು ಆಕುದ್ದು ಯಾರಮ್ಮಿ?"

"ನಾನೇ."

"ನೀನೇ!" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನೀನು ಒಂದು ಕಡ್ಡಿ ಊರೋ ಒತ್ಗೆ ನಾವು ಮೂರು ಊರ್ತಿದ್ವಿ. ನಿನ್ನ ಕೋಟೆಗೆ ಆಕಿ ಹಿಂದಕ್ ಓಗ್ಬುಡ್ಬೋದಾಗಿತ್ತು. ಒಂದು ಪಕ್ದಿಂದ ನಾನು ನಿಂದಕ್ಕೆ ಊರ್ತಿದ್ದೆ, ಇನ್ನೊಂದು ಪಕ್ದಿಂದ ನಿಮ್ಮಕ್ಕ. ಸಂಜೆ ನಿಂಗ್ಯಾರಾದ್ರೂ ಅರ್ಧ ಕೂಲಿ ಕೊಟ್ರಾ?"

ಅಕ್ಕ, ನೀನು ಯಾವತ್ತೂ ಹೇಳಲಿಲ್ಲ. ನಾಟಿಯವರು ಹಿಂದೆ ಹಿಂದೆ ಸರಿಯುತ್ತಾರೆ, ನಿಧಾನದವಳು ಮುಂದೆಯೇ ಉಳಿದು ಸುತ್ತಲೂ ಪೈರಿನ ನಡುವೆ ಸಿಕ್ಕಿಬೀಳುತ್ತಾಳೆ, ಎಲ್ಲರೂ ಅವಳನ್ನು ನೋಡಿ ನಗುತ್ತಾರೆ. ನಾನು ಒಂದು ಸಲವೂ ಕೋಟೆಗೆ ಬೀಳಲಿಲ್ಲ ಎಂದು ಎಷ್ಟು ಜಂಬಪಟ್ಟಿದ್ದೆ. ನೀನು ಮದುವೆಯಾಗಿ ದೇವಲಾಪುರಕ್ಕೆ ಹೋಗುವವರೆಗೂ ನನ್ನ ಜಂಬ ಕೇಳಿಸಿಕೊಂಡು ಸುಮ್ಮನಿದ್ದೆ.

ಮಾರನೆಯ ದಿನ ಬೆಳಿಗ್ಗೆ ಸೋಮಯ್ಯನೋರು ತೂಬಿನ ಹತ್ತಿರ ಇದ್ದರು. ರಂಜಿತ ಬಟ್ಟೆ ಒಗೆಯುತ್ತಿದ್ದಳು, ಇನ್ನೂ ನಾಲ್ಕು ಜನ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅವತ್ತು ನೀವು ಅರ್ಧ ಕೇಳುದ್ರಿ, ನಾನು ಅರ್ಧ ಏಳ್ದೆ. ಪೂರ್ತಿ ಈಗ ಏಳ್ತೀನಿ. ದೊಡ್ಡತಾಯಮ್ಮ ಅರ್ಧ ಆಕ್ತಾಳೆ. ಇನ್ನರ್ಧ ನಾವು ಆಕ್ತೀವಿ. ಅವ್ಳು ಮೊದ್ಲು ನಮ್ದು ಆಕವ್ಳೆ. ಸಂಜೆಗೆ ನಿಮ್ ಗದ್ದೆ ತುಂಬ್ತದಾ ಇಲ್ವಾ?"

"ತುಂಬ್ತದೆ. ಆದ್ರೆ ಇದೆಲ್ಲ ನಂಗ್ಯಾಕವ್ವಾ? ನಾನು ಕೊಡೋದು ಕೈ ನೋಡಿ."

"ಕೈ ನೋಡ್ಬೇಡಿ. ಗದ್ದೆ ನೋಡಿ."

ಅವರು ಒಪ್ಪಲಿಲ್ಲ. ಆದರೆ ರಂಜಿತ ಒಗೆಯುವುದನ್ನು ನಿಲ್ಲಿಸಿ, "ಈವಾಗ ಸರ್ಯಾಗಿ ಬೊಗಳ್ದೆ ನೋಡು" ಎಂದಳು. ಇಳಿದುಬಿಡೋಣ ಎಂದಿದ್ದ ಇಬ್ಬರೂ ವಾಪಸು ಬಂದರು. ಬೇರೆಯವರನ್ನು ತರಿಸದಿದ್ದರೆ ನಾವು ಉಳಿಯುತ್ತೇವೆ. ಪೈರು ಎತ್ತರ ಬಂದಿದೆ. ದಿನವೂ ಬೆಳಿಗ್ಗೆ ಹೋಗಿ ಒಂದು ಕಡ್ಡಿ ಕಿತ್ತು ಗೆಣ್ಣು ಬಿಟ್ಟಿದೆಯೇ ಎಂದು ನೋಡುತ್ತೇನೆ. ಸೋಮಯ್ಯನೋರೂ ಬಂದು ನೋಡುತ್ತಾರೆ.

ಟ್ರಾಕ್ಟರು ಬರುವುದು ಈ ಸೋಮವಾರ ಎಂದು ತಿಳಿದಿದೆ. ಕೃಷ್ಣರಾಜಪೇಟೆ ಕಡೆಯ ಹೆಂಗಸರನ್ನೂ ಕೇಳಿದ್ದಾರಂತೆ. ಅದಕ್ಕೆ ಶನಿವಾರ ನಾನು ಆ ಕಡೆಯ ಗೋವಿಂದನಹಳ್ಳಿಗೆ, ಚಿಕ್ಕಮ್ಮನ ಮನೆಗೆ ಹೋಗಿ ಅಲ್ಲಿಯವರ ಹತ್ತಿರ ಮಾತಾಡಿ ಭಾನುವಾರ ಬರುತ್ತೇನೆ. ಸೋಮವಾರ ನಾಲೆ ಏರಿಯ ಮೇಲೆ ಇರುತ್ತೇನೆ.

ಬರಬೇಡ ಅಕ್ಕ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಮುಂಗಡ ನಾನು ತೀರಿಸುತ್ತೇನೆ ಎನ್ನಲಾರೆ, ನನಗೂ ಕೂಲಿಯಿಲ್ಲ. ಚಿನ್ನುವಿನ ಕಿವಿಗಿಂತ ಈ ಮುದುಕಿಯ ಅರ್ಧ ಕೂಲಿ ದೊಡ್ಡದು ಎಂದು ಬರೆಯಲು ಹೊರಟೆ, ಆಗಲಿಲ್ಲ. ಯಾವುದು ದೊಡ್ಡದೋ ನನಗೆ ಗೊತ್ತಿಲ್ಲ. ನೀನು ಬಂದರೆ ಕಲ್ಲು ಎಸೆಯುವುದಿಲ್ಲ, ಅಕ್ಕ ಎಂದೇ ಕರೆಯುತ್ತೇನೆ. ಆದರೆ ದಾರಿ ಬಿಡುವುದಿಲ್ಲ.

ಪುಷ್ಪ

*

ದೇವಲಾಪುರ
7–8–1996

ಪುಷ್ಪಾ,

ನೀನು ಊರಲ್ಲಿ ಇರಲಿಲ್ಲ. ಅವರಿವರು ಹೇಳಿರುತ್ತಾರೆ. ನಾನು ಹೇಳುವುದನ್ನೂ ಕೇಳಿಸಿಕೋ. ನಿಮ್ಮ ಭಾವ ಈಗ ನನ್ನ ಜೊತೆ ಮಾತಾಡುತ್ತಿಲ್ಲ, ಆದ್ದರಿಂದ ಬರೆಯಲು ಬೇಕಾದಷ್ಟು ಹೊತ್ತಿದೆ.

ಕಾರ್ಡು ಬರೆಯುವಾಗ ನನಗೆ ಗೊತ್ತಿತ್ತು. ದೇವರಾಜು ಹೊಸಕೊಪ್ಪಲು ಎಂದು ಹೇಳಿದ್ದ. ಅದನ್ನು ಬರೆಯದೆ ಬೇರೆ ಏನೇನೋ ಬರೆದು ಜಾಗ ತುಂಬಿಸಿದೆ.

ಸೋಮವಾರ ಎಂದಿದ್ದವನು ಭಾನುವಾರ ಬೆಳಿಗ್ಗೆಯೇ ಟ್ರಾಕ್ಟರು ತಂದು ನಿಲ್ಲಿಸಿದ. ನಿಮ್ಮ ಊರಿನವರಿಗೆ ತಿಳಿಯದಿರಲಿ ಎಂದು ಇರಬೇಕು. ಹತ್ತಿ ಕೂತೆವು. ನಮ್ಮ ಮಾದಮ್ಮಜ್ಜಿಯನ್ನು ಟ್ರೈಲರಿನ ನಡುವೆ ಕೂರಿಸಿಕೊಂಡು ತಲೆಯ ಮೇಲೆ ಸೆರಗು ಎಳೆದಿದ್ದೆವು. ಮುದುಕಿಯರು ಬೇಡ ಎಂದು ದೇವರಾಜು ಹೇಳಿದ್ದ. ಬಿಟ್ಟುಬರಲು ನಮಗೆ ಮನಸ್ಸಾಗಲಿಲ್ಲ. ಜಕ್ಕನಹಳ್ಳಿ ದಾಟುವವರೆಗೂ ಯಾರಾದರೂ ಟ್ರಾಕ್ಟರು ನಿಲ್ಲಿಸಲಿ ಎಂದು ಬೇಡಿಕೊಂಡೆ. ನಾನು ನಿಲ್ಲಿಸಿ ಎನ್ನಲಿಲ್ಲ.

ಟ್ರಾಕ್ಟರಿನ ಸದ್ದು ಕೇಳಿ ನಿಮ್ಮವರೆಲ್ಲ ನಾಲೆ ಏರಿಯ ಮೇಲೆ ಬಂದು ಕೂತಿದ್ದರು. ಯಾರೂ ಅಡ್ಡ ಬರಲಿಲ್ಲ. ರಂಜಿತ ಮಾತ್ರ, "ಬಾ ಮುತ್ತಕ್ಕಾ, ಗೌರಿ ಬಾಗ್ನಕ್ಕೆ ಇಷ್ಟ್ ಬ್ಯಾಗ ಬಂದ್ಬುಟ್ಯಾ? ತವರು ಮನೆಗೆ ಟ್ರಾಕ್ಟರಲ್ ಬಂದವ್ಳೆ ನೋಡ್ರವ್ವಾ!" ಎಂದಳು. ಎಲ್ಲರೂ ನಕ್ಕರು. ಆ ನಗು ಬೆನ್ನ ಮೇಲೆ ಬಿದ್ದ ಹಾಗಾಯಿತು. ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದೆ.

ಸಾಲು ನಿಂತು ಎರಡು ಹಿಡಿ ಪೈರು ಊರಿರಬಹುದು. ದೊಡ್ಡತಾಯಮ್ಮ ಬದು ಇಳಿದು ಬಂದಳು. ಪೈರಿನ ಕಟ್ಟು ಒಂದನ್ನು ಎತ್ತಿಕೊಂಡು ನನ್ನ ಪಕ್ಕ ಬಂದು, "ಜರುಗಮ್ಮಿ" ಎಂದಳು. ಜರುಗಿದೆ. ಸೋಮಯ್ಯನೋರು ಮೇಲಿನಿಂದ, "ಏಯ್, ಮ್ಯಾಕೆ ಬಾರಮ್ಮಾ" ಎಂದರು.

"ಯಾಕಪ್ಪ? ಅರ್ಧ ಕೂಲಿ ಕೊಡ್ತೀನಿ ಅಂದಲ್ಲ. ಅರ್ಧಕ್ಕೇ ಬಂದಿವ್ನಿ."

ಏರಿಯ ಮೇಲೆ ಕೂತವರೆಲ್ಲ ಒಮ್ಮೆಗೇ ಎದ್ದುನಿಂತರು. ಇವಳಿಗಾಗಿ ಅವರು ಇಷ್ಟು ದಿನ ಕೂಲಿ ಬಿಟ್ಟಿದ್ದರು, ಈಗ ಇವಳೇ ಅರ್ಧಕ್ಕೆ ಇಳಿದಿದ್ದಾಳೆ. ನನಗೂ ಏನೂ ತಿಳಿಯಲಿಲ್ಲ.

ದೊಡ್ಡತಾಯಮ್ಮ ಪೈರು ಊರತೊಡಗಿದಳು. ಕೈ ನಡುಗುತ್ತದೆ ಪುಷ್ಪಾ, ನೀನು ಅದನ್ನು ಬರೆದಿರಲಿಲ್ಲ. ನಾವು ಹಿಂದೆ ಸರಿದೆವು, ಅವಳು ಅಲ್ಲೇ ಉಳಿದಳು. ನನ್ನ ಕೈ ಅವಳ ಪಾಲಿನ ಕೆಸರಿಗೆ ಹೋಯಿತು. ನಾನು ಕಳಿಸಲಿಲ್ಲ, ಅದೇ ಹೋಯಿತು. ಆ ಕಡೆಯ ಪಕ್ಕದಲ್ಲಿದ್ದ ನಮ್ಮೂರಿನವಳಿಗೆ ದೊಡ್ಡತಾಯಮ್ಮ ಯಾರೆಂದೇ ಗೊತ್ತಿಲ್ಲ. ಅವಳೂ ಆ ಕಡೆಯಿಂದ ಊರುತ್ತಿದ್ದಳು. ನಿಧಾನದವಳು ಪಕ್ಕದಲ್ಲಿದ್ದರೆ ನಾವು ಹಾಗೆಯೇ ಅಲ್ಲವೇ.

ದೇವರಾಜು ನೋಡಿದ. "ಅವಳ್ದು ಅವಳೇ ಆಕ್ಲಿ, ಅರ್ಧ ಕೂಲಿಯವ್ಳು. ನೀವ್ ಹಿಂದಕ್ ಬನ್ರಿ. ಮುದುಕೀನ ಕೋಟೆಗ್ ಆಕ್ಬುಡ್ರಿ!"

ಯಾರೂ ಹಿಂದಕ್ಕೆ ಹೋಗಲಿಲ್ಲ. ಆಗ ನಮ್ಮ ಮಾದಮ್ಮಜ್ಜಿ ಸೊಂಟ ನೆಟ್ಟಗೆ ಮಾಡಿ ಮುಖದ ಮೇಲಿನ ಸೆರಗು ತೆಗೆದಳು.

"ಲೋ ದೇವರಾಜಾ, ಅಂಗಾರೆ ನಂಗೆಷ್ಟ್ಲಾ?"

ಅವನು ಬೆಚ್ಚಿಬಿದ್ದ. "ನೀನ್ ಯಾವಾಗ್ ಅತ್ಕೊಂಡೆ ಗಾಡಿಗೆ?"

"ನೀನು ಬೀಡಿ ಅಚ್ಚೋವಾಗ. ಎಷ್ಟು ಅಂತ ಏಳು."

ದೇವರಾಜು ಸೋಮಯ್ಯನೋರ ಮುಖ ನೋಡಿದ. ಅವರು, "ಒಬ್ರಿಗೊಂದು ಇನ್ನೊಬ್ರಿಗೊಂದು ಆಗಾಕಿಲ್ಲ. ಅವ್ಳಿಗೂ ಅರ್ಧವೇ" ಎಂದರು. ಜೋರಾಗಿ ಕೂಡ ಹೇಳಲಿಲ್ಲ.

ಆಗ ನಮ್ಮವರಿಗೆಲ್ಲ ತಿಳಿಯಿತು. ನಾವು ಬಂದಿರುವುದು ಯಾವ ಕೆಲಸಕ್ಕೆ, ಏರಿಯ ಮೇಲೆ ಕೂತವರು ಕೂತಿರುವುದು ಯಾಕೆ ಎಂದು. ನಾನು ಅವರಿಗೆ ದಾರಿಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಕೈಯಲ್ಲಿದ್ದ ಪೈರನ್ನು ಬಾಡದ ಹಾಗೆ ಕೆಸರಿನಲ್ಲಿ ನೆಟ್ಟಗೆ ನಿಲ್ಲಿಸಿ ಒಬ್ಬೊಬ್ಬರೇ ಬದು ಹತ್ತಿದರು. ಮೊದಲು ಹತ್ತಿದವಳು ನಾನಲ್ಲ. ಇದನ್ನು ನೀನು ತಿಳಿದಿರಬೇಕು. ನಾನು ನಾಲ್ಕನೆಯವಳೋ ಐದನೆಯವಳೋ. ಬದು ಜಾರುತ್ತಿತ್ತು. ಮೇಲಿನಿಂದ ಒಂದು ಕೈ ಬಂತು, ಹಿಡಿದುಕೊಂಡು ಹತ್ತಿದೆ. ನೋಡಿದರೆ ರಂಜಿತ.

ಕೊನೆಯಲ್ಲಿ ದೊಡ್ಡತಾಯಮ್ಮ ಗದ್ದೆಯ ನಡುವೆ ಒಬ್ಬಳೇ ನಿಂತಿದ್ದಳು. "ನನ್ನೂ ಎಳ್ಕೊಳ್ರೇ ಮುಂಡೇವಾ, ಮಂಡಿ ಬರಾಕಿಲ್ಲ" ಎಂದು ಕೂಗಿದಳು. ನಿಮ್ಮೂರಿನವರು ಇಬ್ಬರು, ನಮ್ಮೂರಿನವರು ಇಬ್ಬರು ಇಳಿದು ಎತ್ತಿಕೊಂಡು ಬಂದೆವು. ಅವಳು ಬೇಕೆಂದೇ ಇಳಿದಳೋ, ನಿಮ್ಮೆಲ್ಲರ ಹಸಿವು ನೋಡಲಾರದೆ ನಿಜವಾಗಿಯೂ ಸೋತು ಇಳಿದಳೋ, ನನಗೆ ಗೊತ್ತಿಲ್ಲ. ಕೇಳಿದೆ. "ನಿಂಗ್ಯಾಕೆ?" ಎಂದಳು.

ದೇವರಾಜು ಖಾಲಿ ಟ್ರಾಕ್ಟರು ಓಡಿಸಿಕೊಂಡು ಹೋದ. ನಿಮ್ಮವರ ಮನೆಗಳಲ್ಲಿ ಮುದ್ದೆ ಉಂಡು ಜಕ್ಕನಹಳ್ಳಿಯವರೆಗೆ ನಡೆದೆವು. ಅಪ್ಪ ನನ್ನ ಚೀಲ ಹೊತ್ತುಕೊಂಡು ಬಸ್ಸಿನವರೆಗೂ ಬಂದ.

ನಿನ್ನ ಕಾಗದ ನನ್ನ ಕೈ ಸೇರಿದ್ದು ಮಂಗಳವಾರ. ಮೊದಲೇ ಬಂದಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ದಾರಿ ಬಿಡುವುದಿಲ್ಲ ಎಂಬ ಮಾತಿಗೆ ಸಿಟ್ಟು ಬಂದು, ಬೇಕೆಂದೇ ಗದ್ದೆಯಲ್ಲಿ ನಿಂತುಬಿಡುತ್ತಿದ್ದೆನೇನೋ.

ಮುಂಗಡಕ್ಕೆ ದೇವರಾಜು ನಿನ್ನೆ ಬಾಗಿಲಿಗೆ ಬಂದಿದ್ದ. ಮಂಡ್ಯಕ್ಕೆ ಹೋಗುವ ದಿನ ದಾಟಿತು. ಚಿನ್ನುವಿನ ಕಿವಿಯ ಹತ್ತಿರ ತಟ್ಟೆ ಬಡಿದು ನೋಡಿದೆ. ಎಡಗಡೆ ತಿರುಗಲಿಲ್ಲ.

ಮುತ್ತಮ್ಮ

*

ಹೊಸಕೊಪ್ಪಲು
24–8–1996

ಅಕ್ಕ,

ನಾಟಿ ಮುಗಿಯಿತು. ಅದಕ್ಕೇ ತಡವಾಯಿತು.

ನೀವು ಹೋದ ಮೂರನೆಯ ದಿನ ಸೋಮಯ್ಯನೋರು ರಂಜಿತಳ ಮನೆಗೇ ಬಂದರು. ಪೈರು ಗೆಣ್ಣು ಬಿಡಲು ಶುರುವಾಗಿತ್ತು. ಗೋವಿಂದನಹಳ್ಳಿಯವರೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. "ಸಾಲಲ್ ನಿಂತೋರಿಗೆಲ್ಲ ಒಂದೇ ಕೂಲಿ, ಆಯ್ತಾ? ನಾಳೆ ಬನ್ನಿ" ಎಂದರು. ಎಲ್ಲರೂ ಹೋದೆವು. ದೊಡ್ಡತಾಯಮ್ಮ ನಡುವೆ, ಒಂದು ಪಕ್ಕ ನಾನು. ನೀವು ಕೆಸರಿನಲ್ಲಿ ನಿಲ್ಲಿಸಿ ಹೋಗಿದ್ದ ಪೈರು ಅಲ್ಲೇ ಬೇರು ಬಿಟ್ಟಿತ್ತು. ಅದನ್ನು ಕಿತ್ತು ಬಿಡಿಸಿ ಹಂಚಿದೆವು.

ಗೆದ್ದೆವು ಎಂದು ಬರೆಯಲು ಇಷ್ಟ. ಆದರೆ ಕೊನೆಯ ದಿನ ಸೋಮಯ್ಯನೋರು ಕೂಲಿ ಕೊಡುತ್ತಾ, "ಬರೋ ವರ್ಸ ಕಬ್ಬು ಆಕ್ತೀನಿ ಕಣವ್ವಾ. ಕಬ್ಬಿಗೆ ನಾಟಿ ಸಾಲು ಬ್ಯಾಡ" ಎಂದರು. ಹೆದರಿಸಲು ಹೇಳಿದ್ದಲ್ಲ, ಬೇಸತ್ತು ಹೇಳಿದ್ದು. ಅದಕ್ಕೇ ನಿಜ ಇರಬೇಕು ಎನಿಸುತ್ತದೆ. ಆ ಗದ್ದೆ ಇಲ್ಲದಿದ್ದರೆ ನಮ್ಮ ಸಾಲಿಗೆ ಅರ್ಧ ಕೆಲಸವೂ ಉಳಿಯುವುದಿಲ್ಲ. ಹಸಿರಾದ ಗದ್ದೆಯ ಮುಂದೆ ನಿಂತು ಮುಂದಿನ ವರ್ಷಕ್ಕೆ ಈಗಲೇ ಹೆದರುತ್ತಿದ್ದೇನೆ.

ನೀವೂ ನಾವೂ ಒಂದೇ ಗದ್ದೆಗೆ ಕಾಯುವವರು. ನಾನು ಏರಿಯ ಮೇಲೆ ಇದ್ದಿದ್ದರೆ ನಿನ್ನನ್ನು ಬೈದು ಹಿಂದಕ್ಕೆ ಕಳಿಸುತ್ತಿದ್ದೆ, ನೀನು ಸಿಟ್ಟಿನಿಂದ ನಾಟಿ ಮುಗಿಸಿ ಹೋಗುತ್ತಿದ್ದೆ. ನಾನು ಇಲ್ಲದಿದ್ದದ್ದೇ ಒಳ್ಳೆಯದಾಯಿತೇನೋ. ಇದನ್ನು ಬರೆಯಲು ನನಗೆ ಖುಷಿಯಿಲ್ಲ.

ನಿಮ್ಮವರು ಕಳೆದುಕೊಂಡ ದಿನದ ಮಾತು ನಮ್ಮಲ್ಲಿ ಬಂತು. ಏನಾದರೂ ಕೂಡಿಸಿ ಕಳಿಸೋಣ ಎಂದಳು ಒಬ್ಬಳು. ದೊಡ್ಡತಾಯಮ್ಮ ರೇಗಿದಳು: "ಅವ್ರೇನ್ ಭಿಕ್ಷಕ್ ಬಂದಿದ್ರಾ? ದಿನ ಕಳ್ಕೊಂಡವ್ರೆ, ದಿನ ಕೊಡ್ಬೇಕು. ಮುಯ್ಯಾಳಿಗೆ ಓಗಾನ." ನೀವು ನಮಗಾಗಿ ಕಳೆದುಕೊಂಡದ್ದು ಒಬ್ಬೊಬ್ಬರದು ಒಂದು ದಿನ. ನಾವೂ ಒಬ್ಬೊಬ್ಬರು ಒಂದು ದಿನ ನಿಮ್ಮ ಹೊಲದಲ್ಲಿ ದುಡಿಯುತ್ತೇವೆ. ಮಳೆ ಬಂತೇ? ರಾಗಿ ಬಿತ್ತಿದಿರಾ? ಕಳೆ ಎದ್ದಾಗ ತಿಳಿಸು.

ಪುಷ್ಪ

*

(ಕಾರ್ಡು)

ದೇವಲಾಪುರ
11–9–1996

ಪುಷ್ಪಾ,

ಮಳೆ ಬಂದು ಬಿತ್ತಿದ್ದಾಯಿತು. ರಾಗಿಗಿಂತ ಕಳೆಯೇ ಮುಂದಾಗಿದೆ. ದೇವರಾಜು ನಮ್ಮನ್ನು ಇನ್ನು ಯಾವ ಊರಿಗೂ ಕರೆಯುವುದಿಲ್ಲವಂತೆ. ನಿಮ್ಮ ಭಾವ ನಿನ್ನೆ ಮಾತಾಡಿದರು. "ಅಷ್ಟ್ ಜನಕ್ಕೆ ಸಾರು ಯಾವ್ ಪಾತ್ರೇಲ್ ಮಾಡ್ತೀಯೆ?" ಎಂದರು, ಅಷ್ಟೇ. ಅಯ್ಯೋ ಪಾಪ ಎಂದು ಬರುವುದಾದರೆ ಬರಬೇಡಿ. ಚಿನ್ನು ಹಾಗೆಯೇ ಇದ್ದಾನೆ.

ಮುತ್ತಮ್ಮ

*

ಹೊಸಕೊಪ್ಪಲು
17–9–1996

ಅಕ್ಕ,

ಈ ಕಾಗದ ನನಗಿಂತ ಮೊದಲು ನಿನ್ನನ್ನು ತಲುಪುತ್ತದೋ ಇಲ್ಲವೋ. ಹಿಂದಿನ ಸಲದ ಹಾಗೆ ಆದರೂ ಚಿಂತೆಯಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇವೆ. ಪಾಪ ಎಂದು ಬರುತ್ತಿಲ್ಲ. ರಂಜಿತಳಿಗೆ ಪಾಪ ಎನ್ನಲು ಬರುವುದೇ ಇಲ್ಲ, ನಿನ್ನನ್ನು ಹೇಗೆ ಆಡಿಕೊಳ್ಳುವುದು ಎಂದು ಈಗಿನಿಂದಲೇ ಯೋಚಿಸುತ್ತಿದ್ದಾಳೆ. ನಮ್ಮ ಪಾತ್ರೆ ನಾವೇ ತರುತ್ತೇವೆ ಎಂದು ಭಾವನಿಗೆ ಹೇಳು. ಹಬ್ಬ ಕಳೆದರೂ ಗೌರಿ ಬಾಗಿನವನ್ನು ಅಪ್ಪ ನನ್ನ ಕೈಯಲ್ಲೇ ಕಳಿಸುತ್ತಿದ್ದಾನೆ.

ಸಂಜೆ ವಾಪಸು ಬರುವಾಗ ಚಿನ್ನುವನ್ನು ನನ್ನ ಜೊತೆ ಕಳಿಸು. ಸೋಮವಾರ ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ವಾಸಿಯಾಗುತ್ತದೆ ಎಂದು ಬರೆಯಲಾರೆ. ತೋರಿಸುತ್ತೇನೆ ಎಂದು ಬರೆಯಬಲ್ಲೆ.

ದೊಡ್ಡತಾಯಮ್ಮನೂ ಬರುತ್ತಾಳೆ. ಬೇಡ, ಮಂಡಿ ನೋಡಿಕೋ ಎಂದರೆ ಕೇಳುವುದಿಲ್ಲ. ಮಾದಮ್ಮಜ್ಜಿಯನ್ನು ಪೂರ್ತಿ ದಿನ ನೋಡಬೇಕಂತೆ. ಅವರಿಬ್ಬರನ್ನೂ ಪಕ್ಕಪಕ್ಕದಲ್ಲಿ ಕಳೆಗೆ ಕೂರಿಸಬೇಡ, ಸಾಲು ಅಲ್ಲೇ ನಿಂತುಬಿಡುತ್ತದೆ. ಒಬ್ಬಳ ಪಕ್ಕ ನೀನು ಕೂತುಕೋ, ಒಬ್ಬಳ ಪಕ್ಕ ನಾನು.

ನಿನ್ನ ತಂಗಿ
ಪುಷ್ಪ